ಹೂಂ ಅನ್ನುತ್ತಿದ್ದ ಮೇಷ್ಟ್ರು

ಮೇಷ್ಟ್ರಿಗೆ ಕಿವಿ ಕೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅವರ ತಿಥಿಯ ದಿನ, ಎಲೆಯ ಮೇಲೆ ಉಪ್ಪು, ಪಲ್ಯ ಬಡಿಸಿಯಾದ ಮೇಲೆ. ಅವರ ಕೈಕೆಳಗೆ ವರ್ಷಗಟ್ಟಲೆ ಸಂಶೋಧನೆ ಮಾಡಿ ಡಾಕ್ಟರೇಟ್ ತೆಗೆದುಕೊಂಡವಳು ನಾನು. ಆಮೇಲೆ ಮಾಗಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಲು ಸೇರಿದರೂ ಬಿಡುವಾದಾಗಲೆಲ್ಲ ದೊಡ್ಡಆಲಹಳ್ಳಿಯ ಅವರ ಮನೆಗೆ ಹೋಗಿ, ಎದುರಿಗೆ ಕೂತು, ಪ್ರಿನ್ಸಿಪಾಲರ ಮೇಲೆ, ಗಂಡನ ಮೇಲೆ, ಹೊಸ ಪಠ್ಯಕ್ರಮದ ಮೇಲೆ ದೂರು ಹೇಳಿ ಹಗುರಾಗಿ ಬರುತ್ತಿದ್ದವಳು. ಅವರು ನನ್ನ ಮುಖವನ್ನೇ ನೋಡುತ್ತಾ ಹೂಂ, ಹೂಂ ಅನ್ನುತ್ತಿದ್ದರು. ಮಾತನ್ನು ಇಷ್ಟು ಗಮನವಿಟ್ಟು ಕೇಳಿಸಿಕೊಳ್ಳುವ ಗಂಡಸು ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದು ನನ್ನ ಗಂಡನಿಗೇ ಹೇಳಿದ್ದೆ.

ಅವರು ಹೋದದ್ದು ರಸ್ತೆಯಲ್ಲಿ. ಬೆಳಿಗ್ಗೆ ಕನಕಪುರದ ಬಸ್ಸು ಹಿಡಿಯಲು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದಾಗ, ಹಿಪ್ಪುನೇರಳೆ ಸೊಪ್ಪು ತುಂಬಿಕೊಂಡು ಹಿಂದಿನಿಂದ ಬಂದ ಗೂಡ್ಸ್ ಆಟೋ ಹೊಡೆಯಿತು. ಡ್ರೈವರ್ ಕಬ್ಬಾಳಿನವನು, ಮಕ್ಕಳೊಂದಿಗ. ಅವನು ಓಡಿ ಹೋಗಲಿಲ್ಲ. ಮೇಷ್ಟ್ರನ್ನು ಅದೇ ಸೊಪ್ಪಿನ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ಬರುವಷ್ಟರಲ್ಲಿ ಜೀವ ಹೋಗಿತ್ತು. ಹಾರನ್ ಹೊಡೆಯುತ್ತಲೇ ಬಂದೆ, ಅವರು ಸರಿಯಲಿಲ್ಲ, ಎದುರಿಗೆ ಬಸ್ಸಿತ್ತು, ಕೊನೇ ಗಳಿಗೆಯಲ್ಲಿ ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಆಸ್ಪತ್ರೆಯಲ್ಲೂ ಹೇಳಿದ, ಪೊಲೀಸರಿಗೂ ಹೇಳಿದ. ಯಾರೂ ನಂಬಲಿಲ್ಲ. ರಸ್ತೆಬದಿಯ ಟೀ ಅಂಗಡಿಯ ಮುಂದೆ ಇದ್ದವರೆಲ್ಲ ಒಂದೇ ಮಾತು ಹೇಳಿದರು: ಹಾರನ್ ಹೊಡೆಯಲಿಲ್ಲ. ಜಾಮೀನಿಗೆ ನಿಲ್ಲುವವರಿಲ್ಲದೆ ಅವನು ಜೈಲು ಸೇರಿದ. ನಾನೂ ಊರವರ ಮಾತನ್ನೇ ನಂಬಿದ್ದೆ. ಹಾರನ್ ಹೊಡೆದರೆ ದನ ಕೂಡ ಸರಿಯುತ್ತದೆ, ಮೇಷ್ಟ್ರು ಸರಿಯುತ್ತಿರಲಿಲ್ಲವೆ?

ತಿಥಿಗೆ ಆ ಡ್ರೈವರನ ಹೆಂಡತಿ ಬಂದಳು. ಒಳಗೆ ಬರಲಿಲ್ಲ, ಶಾಮಿಯಾನದ ಆಚೆ ಗೇಟು ಹಿಡಿದುಕೊಂಡು ನಿಂತಿದ್ದಳು. ಮೊದಲ ಪಂಕ್ತಿ ಆಗತಾನೆ ಕೂತಿತ್ತು. ಮೇಷ್ಟ್ರ ಚಿಕ್ಕಪ್ಪನ ಮಗ, ಊಟದ ಉಸ್ತುವಾರಿ ಹೊತ್ತಿದ್ದವರು, ಅವಳನ್ನು ನೋಡಿ ಗುರುತು ಹಿಡಿದರು.

"ಯಾವ್ ಮಖ ಹೊತ್ಕಂಡ್ ಬಂದವ್ಳೆ ನೋಡ್ಲಾ. ಹಾರನ್ ಹೊಡ್ದಿದ್ನಂತೆ, ಹಾರನ್. ಹೊಡ್ದಿದ್ರೆ ನಮ್ ಮೇಷ್ಟ್ರು ಪಕ್ಕಕ್ ಹೋಯ್ತಿರ್ಲಿಲ್ವ? ಮಾಡೋದೂ ಮಾಡ್ಬುಟ್ಟು ಸುಳ್ ಬೇರೆ."

"ನನ್ ಗಂಡ ಸುಳ್ ಏಳಕಿಲ್ಲ ಕಣಣ್ಣೋ. ಕಬ್ಬಾಳಮ್ಮನ್ ಮುಂದ್ ಬೇಕಾರೂ ನಿಂತ್ಕಂಡ್ ಏಳ್ತೀನಿ."

"ಅಲ್ಲೇ ಓಗ್ ನಿಂತ್ಕೊ. ಇಲ್ಲಿಂದ ನಡಿ ಮೊದ್ಲು."

ಆಗ ಅಡುಗೆಮನೆಯಿಂದ ಅಕ್ಕ ಹೊರಗೆ ಬಂದರು. ಮೇಷ್ಟ್ರ ಅಕ್ಕ. ಮದುವೆಯಾಗದ ತಮ್ಮನ ಮನೆಯನ್ನು, ಗಂಡ ತೀರಿಕೊಂಡಂದಿನಿಂದ ನೋಡಿಕೊಂಡವರು ಅವರೇ. ಕೈಯಲ್ಲಿ ಸಾರಿನ ಸೌಟಿತ್ತು.

"ಆಯಪ್ಪ ಹಾರನ್ ಹೊಡ್ದಿರ್ತಾನೆ ಕಣ್ರಪ್ಪ," ಅಂದರು. "ನನ್ ತಮ್ಮಂಗೆ ಕಿವಿ ಕೇಳ್ತಿರ್ಲಿಲ್ಲ. ಎರಡೂ ಓಗಿದ್ವು. ಯಾವತ್ತೋ ಓಗಿದ್ವು."

ಪಲ್ಯ ಬಡಿಸುತ್ತಿದ್ದವನು ಬಾಗಿದವನು ಬಾಗಿದ ಹಾಗೇ ನಿಂತ. ಮೊದಲು ನನಗೆ ಅನಿಸಿದ್ದು, ಅಕ್ಕನಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದು. ಎರಡನೆಯದು, ಹಾಗಾದರೆ ನನ್ನ ಮಾತುಗಳೆಲ್ಲ ಎಲ್ಲಿ ಹೋದವು ಎಂದು. ಆ ದಿನದಿಂದ ಇವತ್ತಿನವರೆಗೆ ನಾನು ಮಾಡುತ್ತಿರುವುದು ಒಂದೇ ಕೆಲಸ. ಅವರನ್ನು ಮೊದಲಿನಿಂದ ಮತ್ತೆ ನೋಡುವುದು. ನೋಡಿದಷ್ಟೂ ಬೆಚ್ಚಿ ಬೀಳುವುದು.

ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಮೇಷ್ಟ್ರು ತಕ್ಷಣ ಉತ್ತರ ಹೇಳುತ್ತಿರಲಿಲ್ಲ. ಮುಂದಿನ ಬೆಂಚಿನ ಇನ್ನೊಬ್ಬನನ್ನು ಎಬ್ಬಿಸಿ, "ಅವಳು ಏನು ಕೇಳಿದಳು, ನೀನು ಹೇಳು" ಅನ್ನುತ್ತಿದ್ದರು. ಬೇರೆಯವರ ಪ್ರಶ್ನೆಯನ್ನೂ ಗಮನಿಸಬೇಕು ಎಂಬ ಶಿಸ್ತು ಅದು ಎಂದುಕೊಂಡು, ನಾನೂ ಮಾಗಡಿಯಲ್ಲಿ ಇವತ್ತಿಗೂ ಹಾಗೇ ಮಾಡುತ್ತೇನೆ. ಫೋನ್ ಎತ್ತುತ್ತಿರಲಿಲ್ಲ. "ಬರೆದು ಕಳಿಸಿ. ಪ್ರಶ್ನೆ ನೆಟ್ಟಗೆ ಬರೆದರೆ ಅರ್ಧ ಉತ್ತರ ಅಲ್ಲೇ ಇರ್ತದೆ" ಎಂಬುದು ಅವರ ಗಾದೆ. ಇಡೀ ವಿಭಾಗದವರು ಇದನ್ನು ದೊಡ್ಡ ತತ್ವದ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆವು.

ವಿಭಾಗದ ಅಟೆಂಡರ್‌ಗೆ ಬಾಯಿ ಮುಚ್ಚುವಷ್ಟು ಮೀಸೆ. ಆ ಮೀಸೆ ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. "ಅಯ್ಯಾ, ಆ ತೋರಣ ಒಸಿ ಕತ್ತರಿಸು. ಬಾಯಿ ಎಲ್ಲೈತೆ ಅಂತ ಹುಡುಕಬೇಕು" ಎಂದು ಸಿಕ್ಕಾಗಲೆಲ್ಲ ಅನ್ನುವರು. ಅವನು ನಗುತ್ತಾ ತಿರುವಿಕೊಳ್ಳುವನು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮುಂದೆ ಎಲ್ಲರೂ ಮಾಸ್ಕ್ ಹಾಕಿಕೊಳ್ಳುವ ಕಾಲ ಬಂತಲ್ಲ, ಆಗ ಮೇಷ್ಟ್ರು ಸಿಡುಕರಾಗಿಬಿಟ್ಟರು. ಸಭೆಗೆ ಬರುವುದಿಲ್ಲ, ಮಾತಿಗೆ ಸಿಗುವುದಿಲ್ಲ, ಪಾಠವನ್ನೆಲ್ಲ ಬರೆದು ಹಂಚುವುದು. ವಯಸ್ಸಾಯಿತು, ರೋಗಕ್ಕೆ ಹೆದರಿದ್ದಾರೆ ಎಂದುಕೊಂಡೆವು. ತುಟಿಗಳೆಲ್ಲ ಬಟ್ಟೆಯ ಹಿಂದೆ ಹೋಗಿ ಆ ಮನುಷ್ಯ ಅಷ್ಟು ಜನರ ನಡುವೆ ಒಬ್ಬರೇ ಆಗಿಬಿಟ್ಟಿದ್ದರು ಎಂದು ಈಗ ಅರ್ಥವಾಗುತ್ತದೆ. ಅರ್ಥವಾಗಿ ಏನು ಬಂತು.

ಅವರು ಮಾಡುತ್ತಿದ್ದ ಕೆಲಸ ಎಂಥದು ಎಂದು ಹೇಳದಿದ್ದರೆ ನನಗಾದ ಆಘಾತ ನಿಮಗೆ ತಿಳಿಯುವುದಿಲ್ಲ. ಅವರು ಕುಳ್ಳ ಗಿಡಗಳನ್ನು ಸಾಕುತ್ತಿದ್ದರು. ಒಂದು ಜೀನು ಕೆಟ್ಟು ಹುಟ್ಟಿದ ಅವರೆ ಗಿಡಗಳು, ಅಂದರೆ ಮ್ಯೂಟೆಂಟ್‌ಗಳು. ಅವರೆ ಬಿತ್ತನೆಗೆ ವಿಕಿರಣ ಹಾಯಿಸಿ, ಮೊಳೆಸಿ, ಸಾವಿರಾರು ಸಸಿಗಳಲ್ಲಿ ಹುಡುಕಿ ತೆಗೆದವು. ಗೇಣುದ್ದವೂ ಬೆಳೆಯುವುದಿಲ್ಲ, ಎಲೆ ಕಡುಹಸಿರು, ಅಂಚು ಮುದುಡಿಕೊಂಡಿರುತ್ತದೆ. ಅಕ್ಕ ಅವಕ್ಕೆ ಕುಳ್ಳವರೆ ಎಂದು ಹೆಸರಿಟ್ಟಿದ್ದರು.

"ಸರಿಯಾಗಿರೋ ಗಿಡ ತನ್ನ ಗುಟ್ಟು ಬಿಟ್ಟುಕೊಡಲ್ಲ ಕಣಮ್ಮ" ಎಂದು ಮೊದಲ ದಿನವೇ ಹೇಳಿದ್ದರು. "ಸೊಸೆ ತವರಿಗೆ ಹೋದಾಗ ತಾನೇ ಮನೇಲಿ ಅವಳು ಏನೇನು ಮಾಡ್ತಿದ್ದಳು ಅಂತ ಗೊತ್ತಾಗೋದು? ಹಾಗೇ ಒಂದು ಜೀನು ಕೆಟ್ಟಾಗ ನೋಡಬೇಕು, ಯಾವ ಕೆಲಸ ನಿಂತಿತು ಅಂತ."

ನಮ್ಮ ಮೈಯಲ್ಲಿ ಮೀಸೆ ಬರಿಸುವ, ಬಸಿರು ನಿಲ್ಲಿಸುವ ಸ್ಟೀರಾಯ್ಡ್ ಹಾರ್ಮೋನುಗಳಿವೆಯಲ್ಲ, ಅವುಗಳ ದಾಯಾದಿಯೊಂದು ಗಿಡಗಳಲ್ಲೂ ಇದೆ. ಅದು ಬಂದು ಹೇಳಿದರೆ ಜೀವಕೋಶ ಹಿಗ್ಗುತ್ತದೆ, ಕಾಂಡ ನೀಳವಾಗುತ್ತದೆ. ಗಿಡ ಕುಳ್ಳಾಗುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಗಿಡಕ್ಕೆ ಆ ಹಾರ್ಮೋನು ತಯಾರಿಸಲು ಬರುವುದಿಲ್ಲ. ಅಂಥದಕ್ಕೆ ಹೊರಗಿನಿಂದ ಹಾರ್ಮೋನು ಸಿಂಪಡಿಸಿದರೆ ಅಣ್ಣತಮ್ಮಂದಿರ ಸಮಕ್ಕೆ ಎದ್ದು ನಿಲ್ಲುತ್ತದೆ. ಇನ್ನೊಂದು, ಹಾರ್ಮೋನು ಇದೆ, ಆದರೆ ಅದನ್ನು ಗುರುತಿಸುವ ಭಾಗವೇ ಕೆಟ್ಟಿದೆ. ಅದಕ್ಕೆ ಕೊಡ ಸುರಿದರೂ ಅಷ್ಟೆ. ಈ ಎರಡನೆಯ ಜಾತಿಯ ಕುಳ್ಳವರೆ ಸಿಕ್ಕರೆ, ಗುರುತಿಸುವ ಆ ಭಾಗ ಯಾವುದು, ಹೇಗೆ ಕೆಲಸ ಮಾಡುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ತಿಳಿಯಬಹುದು. ಮೇಷ್ಟ್ರು ವರ್ಷಗಳಿಂದ ಹುಡುಕುತ್ತಿದ್ದದ್ದು ಅದನ್ನೇ. ನನ್ನ ಡಾಕ್ಟರೇಟೂ ಅದಕ್ಕೇ ಜೋತುಬಿದ್ದಿತ್ತು. ಆ ಗಿಡವನ್ನು ಅವರು ಕರೆಯುತ್ತಿದ್ದುದು ಕಿವುಡು ಗಿಡ ಎಂದು. ನಗುತ್ತಲೇ ಕರೆಯುತ್ತಿದ್ದರು.

ಒಂದು ಸಲ ರಾಮನಗರದಲ್ಲಿ ರೇಷ್ಮೆ ಬೆಳೆಗಾರರ ಸಭೆಗೆ ಅವರನ್ನು ಕರೆದಿದ್ದರು. ಭಾಷಣ ಮುಗಿದ ಮೇಲೆ ತೀರಾ ಹಿಂದೆ ಕೂತಿದ್ದ ಒಬ್ಬ ಬೆಳೆಗಾರ ಎದ್ದು ಏನೋ ಕೇಳಿದ. ಮೇಷ್ಟ್ರು ಮೈಕು ಬಿಟ್ಟು, ವೇದಿಕೆ ಇಳಿದು, ಸಭಾಂಗಣದ ಉದ್ದಕ್ಕೂ ನಡೆದು ಹೋಗಿ, ಅವನ ಹೆಗಲ ಮೇಲೆ ಕೈಯಿಟ್ಟು, "ಈಗ ಹೇಳಪ್ಪ" ಅಂದರು. ಜನ ಚಪ್ಪಾಳೆ ತಟ್ಟಿದರು. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ: ರೇಷ್ಮೆಹುಳ ಪೊರೆ ಬಿಡುವಾಗ ಬರುವ ಜ್ವರಕ್ಕೂ ನಿಮ್ಮ ಗಿಡದ ಔಷಧಕ್ಕೂ ಏನಾದರೂ ನೆಂಟಸ್ತನ ಐತಾ ಸಾ?

"ಐತಪ್ಪ, ದಾಯಾದಿಗಳು," ಅಂದರು ಮೇಷ್ಟ್ರು. "ಹುಳಕ್ಕೆ ಜ್ವರ ಬರಿಸೋದೂ ಸ್ಟೀರಾಯ್ಡೇ. ಆದರೆ ಹುಳದಲ್ಲಿ ಅದು ಜೀವಕೋಶದ ನಡುಮನೆಗೇ ನುಗ್ಗಿ ಸುದ್ದಿ ಹೇಳ್ತದೆ. ಗಿಡದಲ್ಲಿ ಹಾಗಿಲ್ಲ. ಹೊರಬಾಗಿಲಲ್ಲೇ ಒಬ್ಬ ಕಾವಲುಗಾರ ಕೂತಿರ್ತಾನೆ. ಸುದ್ದಿ ಅವನ ಕಿವಿಗೆ ಬೀಳ್ಬೇಕು. ಅವನು ಒಳಗಿನವರಿಗೆ ದಾಟಿಸ್ಬೇಕು. ಅವನೇ ಕಿವುಡಾದರೆ ಮುಗೀತು."

ಎಂಥ ವಿನಯ ಎಂದು ಅವತ್ತು ನನ್ನ ಕಣ್ಣು ತುಂಬಿ ಬಂದಿತ್ತು. ಆಮೇಲೆ ಎಷ್ಟು ಜನಕ್ಕೆ ಈ ಕಥೆ ಹೇಳಿದ್ದೇನೋ. ಈಗ ನೋಡಿದರೆ ಅವರು ಅಷ್ಟುದ್ದ ನಡೆದು ಹೋದದ್ದು ಅವನ ಬಾಯಿ ನೋಡಲಿಕ್ಕೆ. ತಿಥಿಯಾದ ಮೇಲೆ ಹಲವು ದಿನ ನನ್ನನ್ನು ಇದೇ ಕೊರೆಯಿತು. ನಾವು ಮೆಚ್ಚಿದ ಗುಣಗಳೆಲ್ಲ ಕಿವುಡನ್ನು ಮುಚ್ಚಿಡುವ ಉಪಾಯಗಳಾ? ಹಾಗಾದರೆ ಆ ಮನುಷ್ಯನಲ್ಲಿ ನಾನು ಕಂಡದ್ದು ಏನು? ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಸಮಾಧಾನಕ್ಕೆ ಒಂದು ಎಳೆ ಸಿಕ್ಕಿತು. ಬಾಯಿ ನೋಡಲು ಹೆಗಲ ಮೇಲೆ ಕೈಯಿಡಬೇಕಾಗಿರಲಿಲ್ಲ.

ಇನ್ನು ಬೇರೊಂದು ಪಂಕ್ತಿಯ ಕಥೆ. ಪಂಕ್ತಿ ಅಂದರೆ ಕುಂಡಗಳ ಪಂಕ್ತಿ. ಮೇಷ್ಟ್ರ ಕಾಲೇಜಿನಲ್ಲಿ ನೀರಿಲ್ಲ, ಮಂಗಗಳ ಕಾಟ ಬೇರೆ. ಹಾಗಾಗಿ ನಮ್ಮ ಕುಳ್ಳವರೆಗಳೆಲ್ಲ ಮೇಷ್ಟ್ರ ಮನೆಯ ಹಿತ್ತಲಲ್ಲಿ, ನೆರಳು ಬಲೆಯ ಕೆಳಗೆ ಸಾಲಾಗಿ ಇದ್ದವು. ಹಾರ್ಮೋನು ಚಿಟಿಕೆ ಪುಡಿಯಾಗಿ ಬರುವುದು. ಸ್ಪಿರಿಟ್‌ನಲ್ಲಿ ಕರಗಿಸಿ ನೀರಿಗೆ ಬೆರೆಸಿ ಸಿಂಪಡಿಸಬೇಕು. ಕೆಲವು ಸಾಲಿಗೆ ಹಾರ್ಮೋನು, ಪಕ್ಕದ ಸಾಲಿಗೆ ಬರೀ ಸ್ಪಿರಿಟ್ ಬೆರೆಸಿದ ನೀರು. ಕೊನೆಯ ಸಾಲು ಬೇರೆ ಸಂತಾನದ್ದು, ಅದಕ್ಕೆ ಆ ಸಲ ಏನೂ ಇಲ್ಲ. ಹೀಗೆ ಬೇರೆ ಬೇರೆ ಇಟ್ಟರೆ ತಾನೆ ಯಾವುದರಿಂದ ಏನಾಯಿತು ಎಂದು ತಿಳಿಯುವುದು? ಮೇಷ್ಟ್ರು ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋಗಬೇಕಾಯಿತು, ನನಗೆ ಅಪ್ಪನಿಗೆ ಹುಷಾರಿಲ್ಲದೆ ಚನ್ನಪಟ್ಟಣ ಬಿಟ್ಟು ಬರಲಾಗಲಿಲ್ಲ. ಸಿಂಪಡಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಕೆಂಪು ಮುಚ್ಚಳದ್ದು ಇವಕ್ಕೆ, ಬಿಳಿ ಮುಚ್ಚಳದ್ದು ಅವಕ್ಕೆ ಎಂದು ಮೇಷ್ಟ್ರು ತೋರಿಸಿಕೊಟ್ಟು ಹೋದರು.

ನಾವು ವಾಪಸು ಬಂದು ಅಳತೆ ಮಾಡಿದರೆ, ಬರೀ ನೀರಿನ ಸಾಲಿನ ಕುಳ್ಳವರೆಗಳೂ ಎದ್ದು ನಿಂತು ಬಳ್ಳಿ ಬಿಟ್ಟಿವೆ. ಕೆಟ್ಟ ಜೀನು ತಾನಾಗಿ ಸರಿಯಾಯಿತೆ? ಬೀಜ ಬೆರೆತುಹೋಯಿತೆ? ಇಷ್ಟು ವರ್ಷದ ಕೆಲಸ ಬೂದಿಯಲ್ಲಿ ಹೋಮ ಮಾಡಿದ ಹಾಗಾಯಿತೆ? ಮೇಷ್ಟ್ರು ಕುಂಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ನನಗೆ ಬೆನ್ನು ಹಾಕಿ, ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದರು. ಕಾಫಿ ತಂದ ಅಕ್ಕನನ್ನು ಕೇಳಿದೆ, ಯಾವ ಬಾಟಲಿ ಯಾವುದಕ್ಕೆ ಹೊಡೆದಿರಿ ಎಂದು.

"ಎಲ್ಲಕ್ಕೂ ಒಂದೇ ಸಮ ಹೊಡ್ದೆ ಕಣವ್ವ, ಕೆಂಪು ಮುಚ್ಚಳದ್ದು," ಅಂದರು ಅಕ್ಕ, ಅದರಲ್ಲೇನು ವಿಶೇಷ ಎಂಬಂತೆ.

"ಅಯ್ಯೋ ಅಕ್ಕ, ಸಾಲು ಸಾಲಿಗೆ ಬೇರೆ ಅಂತ ಸರ್ ಹೇಳಿದ್ರಲ್ಲ."

"ಏಳಿದ್ದ. ಒಂದೇ ಪಂಕ್ತೀಲ್ ಕುಂತವೆ. ಇವಕ್ ಬಡ್ಸಿ, ಪಕ್ಕದವಕ್ಕೆ ನೀರ್ ತೋರ್ಸಿ ಬರ್ಲಾ? ಕುಳ್ಳಾಗಿ ಹುಟ್ಟಿರೋದೇ ಅವುಗಳ ಪಾಪ. ಪಂಕ್ತಿಭೇದ ಮಾಡಿ ನಾನ್ಯಾಕವ್ವ ನರಕಕ್ ಓಗ್ಲಿ? ಅವ್ನಿಗೂ ಏಳ್ದೆ. ನಡುವೆ ಶನಿವಾರ ಒಂದಿನ ಬಂದಿದ್ನಲ್ಲ, ಇಲ್ಲಿ ಕುಂತು ಕಾಫಿ ಕುಡೀತಿದ್ದ. ಒಳಗಿಂದ್ಲೇ ಕೂಗ್ ಏಳ್ದೆ, ಎಲ್ಲಕ್ಕೂ ಹೊಡೀತಿವ್ನಿ ಕಣೋ ಅಂತ. ಹೂಂ, ಒಳ್ಳೇದಾಯ್ತು ಅಂದ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೇಷ್ಟ್ರು ಇನ್ನೂ ಎಲೆ ತಿರುಗಿಸುತ್ತಲೇ ಇದ್ದರು, ನಮ್ಮ ಮಾತು ತಮ್ಮದಲ್ಲವೇನೋ ಎಂಬ ಹಾಗೆ. ನಾನು ಹೋಗಿ ಎದುರಿಗೆ ನಿಂತು ಎಲ್ಲ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಎದ್ದು ಅಕ್ಕನ ಕಡೆ ನೋಡಿದರು. ಅಕ್ಕ ಅವರನ್ನು ನೋಡಿದರು. ಆ ನೋಟ ಎಷ್ಟು ಹೊತ್ತು ನಿಂತಿತೆಂದರೆ, ಈಗ ಜಗಳವಾಗುತ್ತದೆ ಎಂದು ನಾನು ಹೆದರಿದೆ. ಜಗಳವಾಗಲಿಲ್ಲ.

"ತಪ್ಪು ನಂದು ಕಣಮ್ಮ," ಎಂದರು ಮೇಷ್ಟ್ರು ನನಗೆ. "ಹೂಂ ಅಂದವನು ನಾನು. ಅವಳಿಗೆ ಏನೂ ಅನ್ನಬೇಡ."

ಒಂದು ಹಂಗಾಮು ಹೋಯಿತು ಎಂದು ನಾನು ತಲೆ ಮೇಲೆ ಕೈಹೊತ್ತು ಕೂತೆ. ಮೇಷ್ಟ್ರು ಕೊನೆಯ ಸಾಲಿನವರೆಗೆ ನಡೆದು ಹೋಗಿ ಅಲ್ಲೇ ನಿಂತರು. ಆಮೇಲೆ ಅಕ್ಕನನ್ನು ಹತ್ತಿರ ಕರೆದರು.

"ಇವಕ್ಕೂ ಬಡಿಸಿದ್ಯಾ?"

"ಎಲ್ಲಾರ್ಗೂ ಅಂದ್ನಲ್ಲಪ್ಪ. ಅವ್ ತಿನ್ನನಿಲ್ಲ, ಏನ್ ಮಾಡ್ಲಿ."

ಕೊನೆಯ ಸಾಲಿನ ಗಿಡಗಳು ಹಾಗೇ ಇದ್ದವು. ಕುಳ್ಳಗೆ, ಕಡುಹಸಿರಾಗಿ, ಮುದುಡಿಕೊಂಡು. ಪಕ್ಕದವೆಲ್ಲ ಬಳ್ಳಿ ಬಿಟ್ಟಿದ್ದರೂ ಅವಕ್ಕೆ ಏನೂ ಆಗಿರಲಿಲ್ಲ. ವರ್ಷಗಳಿಂದ ಹುಡುಕುತ್ತಿದ್ದ ಕಿವುಡು ಗಿಡ ಆ ಹಿತ್ತಲಲ್ಲೇ ಇತ್ತು. ನಾನು ಕುಣಿಯುವುದೊಂದು ಬಾಕಿ. ಮುಂದಿನ ಹಂಗಾಮಿನಲ್ಲಿ ಎಲ್ಲವನ್ನೂ ಮೊದಲಿನಿಂದ, ನಾವೇ ನಿಂತು, ಸರಿಯಾಗಿ ಮಾಡಿದೆವು. ಫಲ ಅದೇ ಬಂತು. ಅದರ ಮೇಲೇ ನನ್ನ ಡಾಕ್ಟರೇಟ್ ನಿಂತಿದೆ. ಆದರೆ ಅವತ್ತು ಮೇಷ್ಟ್ರು ಕುಣಿಯಲಿಲ್ಲ. ಆ ಗಿಡದ ಮುಂದೆ ಕೂತು ಮೆಲ್ಲಗೆ ಹೇಳಿದರು:

"ಇದರ ಮೈಯಲ್ಲಿ ಹಾರ್ಮೋನು ಕಮ್ಮಿ ಇರಲ್ಲ ಕಣಮ್ಮ, ನೋಡ್ತಿರು, ಉಳಿದವಕ್ಕಿಂತ ಜಾಸ್ತಿನೇ ಇರ್ತದೆ. ಸುದ್ದಿ ಬಂದಿಲ್ಲ, ಬಂದಿಲ್ಲ ಅಂದ್ಕೊಂಡು ಮಾಡ್ತಾನೇ ಇರ್ತದೆ ಪಾಪ. ಒಳಗೆ ತುಂಬಿಕೊಂಡಿರ್ತದೆ, ಗೊತ್ತೇ ಆಗಲ್ಲ."

ಆಮೇಲೆ ಅಳೆಸಿದಾಗ ಅದು ನಿಜವಾಯಿತು. ನನ್ನ ಪ್ರಬಂಧದ ಕರಡಿನಲ್ಲಿ ನಾನು ಒಂದು ಕಡೆ ಆ ಗಿಡವನ್ನು 'ರೋಗಗ್ರಸ್ತ' ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ಹೊಡೆದುಹಾಕಿ ನನ್ನ ಮೇಲೆ ಕೂಗಾಡಿದ್ದರು. ಅವರು ಕೂಗಾಡಿದ್ದು ಅದೊಂದೇ ಸಲ. "ರೋಗ ಅಲ್ಲ ಅದು. ಅದರ ತಪ್ಪೂ ಅಲ್ಲ. ಬಾಗಿಲಲ್ಲಿ ಕೂತವನಿಗೆ ಕೇಳಿಸ್ತಿಲ್ಲ, ಅಷ್ಟೆ. ನಾಚಿಕೆ ಪಡೋ ವಿಷಯ ಏನಿದೆ ಅದರಲ್ಲಿ?"

ಇದನ್ನು ನೆನೆದಾಗಲೆಲ್ಲ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಅವರೆ ಗಿಡಕ್ಕೆ ಕೊಟ್ಟ ಮಾಫಿಯನ್ನು ಈ ಮನುಷ್ಯ ತನಗೆ ತಾನು ಕೊಟ್ಟುಕೊಳ್ಳಲಿಲ್ಲವಲ್ಲ. ಒಂದು ಮಾತು ಹೇಳಿದ್ದರೆ ಯಾರಾದರೂ ಜೊತೆಗೆ ನಡೆಯುತ್ತಿದ್ದೆವು. ರಸ್ತೆಯ ಕಡೆಗೆ ನಾವು, ಹೊಲದ ಕಡೆಗೆ ಅವರು.

ತಿಥಿಯ ಸಂಜೆ, ನೆಂಟರೆಲ್ಲ ಹೋದ ಮೇಲೆ, ಹಿತ್ತಲ ಕಲ್ಲಿನ ಮೇಲೆ ಕೂತು ಅಕ್ಕ ಹೇಳಿದರು. ಆ ಕುಂಡಗಳ ನಡುವಿನ ನೋಟದಲ್ಲೇ ಅವರಿಗೆ ಗೊತ್ತಾಗಿದ್ದು. ಅವತ್ತು ನಾನು ಮನೆಗೆ ಹೋದ ಮೇಲೆ ಅಕ್ಕ ತಮ್ಮನ ಬೆನ್ನ ಹಿಂದೆ ನಿಂತು, ಕಂಚಿನ ತಟ್ಟೆಯನ್ನು ಬೇಕೆಂದೇ ಕೆಳಗೆ ಬೀಳಿಸಿದರಂತೆ. ಮೇಷ್ಟ್ರು ತಿರುಗಲಿಲ್ಲ.

"ಅಳ್ತಾ ಕುಂತ್ಬುಟ್ಟ ಕಣವ್ವ. ಒಬ್ಬರ್ಗೂ ಏಳ್ಬ್ಯಾಡ ಅಂತ ಕೈಮೇಲ್ ಕೈ ಹಾಕಿಸ್ಕಂಡ. ಕೆಲಸ ಹೋಯ್ತದೆ ಅಂತ ಅಲ್ಲ. ನಾವ್ ಚಿಕ್ಕೋರಾಗಿದ್ದಾಗ ಊರ್ ಸ್ಕೂಲ್ನಾಗೆ ಒಬ್ರು ಕಿವುಡು ಮೇಷ್ಟ್ರು ಇದ್ರು. ಇವ್ನೇ ಅವರ ಬೆನ್ನಿಂದೆ ನಿಂತು ಏನೇನೋ ಕೂಗೋನು. ಹುಡುಗ್ರೆಲ್ಲ ನಗೋರು. ಅದು ಅವ್ನ ತಲೇಲಿ ಕುಂತಿತ್ತು. ಕಿವಿ ಮಿಷನ್ ತಂದ ಒಂದ್ಸಲ. ಮನೇಲ್ ಒಂದಿನ ಹಾಕ್ಕಂಡ, ಆಮೇಕೆ ಅಕ್ಕಿ ಡಬ್ಬಕ್ ಹಾಕ್ಬುಟ್ಟ."

ಅಂದಿನಿಂದ ಅಕ್ಕ ತಮ್ಮನ ಜೊತೆ ದನಿಯಿಲ್ಲದೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡರಂತೆ. ಎದುರು ನಿಂತು ಬರೀ ತುಟಿ ಆಡಿಸುವುದು. ಮೇಷ್ಟ್ರಿಗೆ ಅಷ್ಟು ಸಾಕಾಗುತ್ತಿತ್ತು. ಜೋರಾಗಿ ಹೇಳಿದರೆ ಅಕ್ಕಪಕ್ಕದವರಿಗೆ ಅನುಮಾನ ಬರುತ್ತದಲ್ಲ. ಅಷ್ಟು ಸಲ ಆ ಮನೆಗೆ ಹೋಗಿದ್ದೇನೆ, ಈ ಅಕ್ಕ ತಮ್ಮ ಮಾತೇ ಆಡುವುದಿಲ್ಲವಲ್ಲ, ಏನೋ ಮುನಿಸಿರಬೇಕು ಎಂದುಕೊಂಡಿದ್ದೆ.

"ನನ್ನ ಮಾತೂ ಕೇಳಿಸ್ತಿರಲಿಲ್ವಾ ಅಕ್ಕ?" ಎಂದು ಕೇಳಿದೆ.

"ನಿಂದು ಒಸಿ ಕೇಳಿಸ್ತಿತ್ತು. ಅದ್ಕೇ ಕಣವ್ವ ನಿನ್ನ ತಕ್ಕಂಡಿದ್ದು. ನಂಗೆಲ್ಲ ಗೊತ್ತಾದ್ಮೇಕೆ ಒಂದಿನ ಏಳ್ದ. ಅಷ್ಟ್ ಜನ ಬಂದಿದ್ರಂತೆ, ಈ ಹುಡುಗಿ ಗಂಟ್ಲೊಂದೇ ಒಳಗ್ ಹೋಗಿದ್ದು ಅಕ್ಕ ಅಂದ."

ನನ್ನ ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು. ಜೀವಮಾನವಿಡೀ ಮೋಟಾರಿನ ಸದ್ದಿನಲ್ಲಿ ಕೂತು ಅವರ ಕಿವಿ ಮಂದ. ಎದುರಿಗೆ ನಿಂತು, ಬಾಯಿ ಅಗಲ ಮಾಡಿ, ಕೂಗಿ ಹೇಳುವುದು ನಮ್ಮ ಮನೆಯವರಿಗೆಲ್ಲ ಹುಟ್ಟಿನಿಂದ ಬಂದ ಅಭ್ಯಾಸ. ಕಾಲೇಜಿನಲ್ಲಿ ನನ್ನನ್ನು ಮೈಕಾಸುರಿ ಎಂದು ಆಡಿಕೊಳ್ಳುತ್ತಿದ್ದರು. ನನ್ನ ಅಂಕ ನೋಡಿ, ಬುದ್ಧಿ ನೋಡಿ ಮೇಷ್ಟ್ರು ನನ್ನನ್ನು ಆರಿಸಿಕೊಂಡರು ಎಂದು ಬೀಗಿದ್ದವಳಿಗೆ ಅಕ್ಕನ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆದ ಮೇಲೆ, ಯಾಕೋ, ಅದಕ್ಕಿಂತ ದೊಡ್ಡ ಗೌರವ ನನಗೆ ಯಾರೂ ಕೊಟ್ಟಿಲ್ಲ ಎಂದೂ ಅನಿಸಿತು. ಇನ್ನೂ ಅದರ ಲೆಕ್ಕ ನನಗೆ ಹತ್ತಿಲ್ಲ.

ಆ ಮಧ್ಯಾಹ್ನದ ಪಂಕ್ತಿಯಲ್ಲಿ ಮುಂದೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಅಕ್ಕ ಆ ಮಾತು ಹೇಳಿದ ಮೇಲೆ ಮೊದಲು ಮಾತಾಡಿದವನು ನನ್ನ ಸಾಲಿನಲ್ಲೇ ಕೂತಿದ್ದ ಟೀ ಅಂಗಡಿಯವನು. ಅವನು ಎಲೆ ನೋಡಿಕೊಂಡೇ ಹೇಳಿದ.

"ಹೊಡ್ದ ಕಣಕ್ಕ. ಹಾರನ್ ಹೊಡ್ಕಂಡೇ ಬಂದ. ನಾವೆಲ್ಲ ಕೇಳ್ಸ್ಕಂಡೋ."

"ಮತ್ಯಾಕ್ಲಾ ಹೊಡೀನಿಲ್ಲ ಅಂದ್ರಿ ಪೋಲೀಸ್ನೋರ್ಗೆ?" ಎಂದರು ಚಿಕ್ಕಪ್ಪನ ಮಗ.

"ಏನಂತ ಏಳ್ಳಣ್ಣ? ಹಾರನ್ ಕೇಳಿನೂ ಮೇಷ್ಟ್ರು ಸರೀನಿಲ್ಲ ಅಂದ್ರೆ, ಬೇಕೂಂತ್ಲೇ ನಿಂತ್ರು ಅಂತಾರೆ ಜನ. ಸತ್ತೋರ್ ಮೇಲ್ ಅಂಥಾ ಮಾತ್ ಬರ್ಬಾರ್ದು ಅಂತ ಎಲ್ರೂ ಒಂದೇ ಮಾತ್ ಏಳೋಣ ಅಂದ್ಕಂಡೋ."

ಮೇಷ್ಟ್ರ ಮಾನ ಉಳಿಸಲು ಅಕ್ಕ ಒಂದು ನಿಜ ಮುಚ್ಚಿಟ್ಟಿದ್ದರು. ಅದೇ ಮಾನ ಉಳಿಸಲು ಊರವರು ಒಂದು ಸುಳ್ಳು ಹೇಳಿದ್ದರು. ಎರಡರ ನಡುವೆ ಕಬ್ಬಾಳಿನ ಒಬ್ಬ ಮನುಷ್ಯ ಜೈಲಿನಲ್ಲಿ ಕೂತು ನಿಜ ಹೇಳುತ್ತಿದ್ದ. ಯಾರಿಗೂ ಅದು ಮುಟ್ಟಿರಲಿಲ್ಲ.

"ನಾಳೆ ಹೊತ್ತಾರೆ ಠೇಸನ್ನಿಗೆ ಓಗಾನ," ಅಂದರು ಅಕ್ಕ. "ನಾನೂ ಬತ್ತೀನಿ. ನೀನೂ ಬಾ. ಕೇಳ್ಸ್ಕಂಡೋರೆಲ್ಲ ಬನ್ನಿ."

ಆಮೇಲೆ ಸೌಟನ್ನು ಪಕ್ಕದವರ ಕೈಗೆ ಕೊಟ್ಟು ಗೇಟಿಗೆ ನಡೆದರು. ಆ ಹೆಂಗಸು ಹಿಂದೆ ಸರಿದಳು. ಅಕ್ಕ ಅವಳ ರಟ್ಟೆ ಹಿಡಿದು ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿದರು. ಬಡಿಸುವವನು ಅನುಮಾನಿಸುತ್ತಾ ನಿಂತ. ಚಿಕ್ಕಪ್ಪನ ಮಗ ಬೇರೆ ಕಡೆ ಮುಖ ತಿರುಗಿಸಿದರು.

"ಎಲೆ ಹಾಕ್ಲಾ," ಅಂದರು ಅಕ್ಕ.

ಎಲೆ ಬಂತು. ಉಪ್ಪು, ಪಲ್ಯ, ಮುದ್ದೆ, ಸಾರು ಎಲ್ಲವನ್ನೂ ಅಕ್ಕ ತಾವೇ ಬಡಿಸಿದರು, ನಮಗೆಲ್ಲ ಬಡಿಸಿದ್ದಷ್ಟೇ, ಒಂದು ಸೌಟು ಹೆಚ್ಚಲ್ಲ, ಒಂದು ಸೌಟು ಕಮ್ಮಿ ಅಲ್ಲ. ಅವಳು ಮುದ್ದೆಗೆ ಕೈ ಹಾಕದೆ ಅಳುತ್ತಾ ಕೂತಿದ್ದಳು.

ನಮ್ಮ ಪಕ್ಕದ ಗೋಡೆಯ ಹತ್ತಿರ ಮೇಷ್ಟ್ರ ಫೋಟೋ. ಅದರ ಮುಂದೆ ಅವರ ಎಡೆ: ಅವರಿಗೆ ಇಷ್ಟವಾದ ಹಿಸುಕಿದವರೆ ಸಾರು, ವಡೆ, ಕಾಫಿ. ಅಕ್ಕ ಅಲ್ಲಿಗೆ ಹೋಗಿ, ನೆಲಕ್ಕೆ ಕೂತು, ಫೋಟೋದ ಮುಖಕ್ಕೆ ಸರಿಯಾಗಿ ತಮ್ಮ ಮುಖ ಹಿಡಿದರು. ತುಟಿ ಆಡಿದವು, ದನಿ ಇರಲಿಲ್ಲ. ಯಾವುದೋ ದೇವರ ಹೆಸರು ಹೇಳಿಕೊಳ್ಳುತ್ತಿದ್ದಾರೆ ಎಂದು ಪಕ್ಕದ ಹೆಂಗಸರು ಕೈಮುಗಿದರು. ನಾನು ಕೂತಲ್ಲಿಗೆ ಅವರ ಮುಖ ಓರೆಯಾಗಿ ಕಾಣುತ್ತಿತ್ತು. ಕಿವಿ ಮಂದವಾದ ಅಪ್ಪನ ಮಗಳು ನಾನು. ತುಟಿ ಓದುವುದು ನನಗೂ ಒಸಿ ಬರುತ್ತದೆ.

ಏಳ್ಬುಟ್ಟೆ ಕಣಪ್ಪ, ಅನ್ನುತ್ತಿದ್ದರು ಅಕ್ಕ. ಏಳ್ಬುಟ್ಟೆ.